ಜನವರಿ ಒಂದರವರು

ಆಂಧ್ರದ ಗಡಿಯೂರು ರಾಯದುರ್ಗದ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಹನ್ನೊಂದು ವರ್ಷದಿಂದ ಪ್ಯಾಂಟಿಗೆ ಜೇಬು ಕೂಡಿಸುತ್ತಿದ್ದ ನಾಗವೇಣಿ, ಕೇಕ್ ಅಲಂಕರಿಸುವುದನ್ನು ಮೊಬೈಲಿನ ವಿಡಿಯೊ ನೋಡಿ ಕಲಿತಳು. ಮದುವೆ ಮನೆಗಳಲ್ಲಿ ಗೋರಂಟಿ ಹಾಕಿ ಪಳಗಿದ ಕೈ. ಕೋನಿನೊಳಗೆ ಗೋರಂಟಿಯ ಬದಲು ಕ್ರೀಮು ಬಂತು, ಅಷ್ಟೇ. ಮೊದಮೊದಲು ಘಟಕದ ಗೆಳತಿಯರು ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಮಾಡಿಸಿಕೊಂಡರು. ಆಮೇಲೆ ಆ ಮಕ್ಕಳ ಹುಟ್ಟುಹಬ್ಬ ಮತ್ತೆ ಬರುವ ತನಕ ಒಂದು ವರ್ಷ ಕಾಯಬೇಕಾಯಿತು.

ಬಸ್ ನಿಲ್ದಾಣದ ಹತ್ತಿರದ ಬೇಕರಿಗಳಿಗೆ ಬಣ್ಣದ ದೀಪದ ಬೋರ್ಡುಗಳಿದ್ದವು. ನಾಗವೇಣಿಯ ಅಂಗಡಿಯೆಂದರೆ ಅಡುಗೆಮನೆಯ ಕಟ್ಟೆ ಮತ್ತು ಒಂದು ಹಳೆಯ ಫ್ರಿಜ್ಜು. ಫ್ಲೆಕ್ಸ್ ಹಾಕಿಸುವಷ್ಟು ದುಡ್ಡು ಕೈಯಲ್ಲಿರಲಿಲ್ಲ. ಗಂಡ ಹರೀಶ್ ತನ್ನ ಆಟೋದ ಹಿಂದೆ ಅವಳ ಫೋನ್ ನಂಬರು ಬರೆಸಿದ. ಫೋನ್ ಮಾಡಿದವರೆಲ್ಲ ಆಟೋ ಬರುತ್ತದೆಯೇ ಎಂದೇ ಕೇಳಿದರು.

ಡಿಸೆಂಬರಿನ ಕೊನೆಯ ವಾರ ಅತ್ತೆ ಓಬಮ್ಮನ ಆಧಾರ್ ಕಾರ್ಡನ್ನು ಜೆರಾಕ್ಸ್ ಮಾಡಿಸುವಾಗ ಹುಟ್ಟಿದ ದಿನ ಅವಳ ಕಣ್ಣಿಗೆ ಬಿತ್ತು. ಜನವರಿ ಒಂದು. ಅಂಗಡಿಯವನು ನಕ್ಕು, ಊರಿನ ಮುದುಕರಲ್ಲಿ ಅರ್ಧ ಜನ ಅದೇ ದಿನ ಹುಟ್ಟಿದವರು ಎಂದ. ದಿನ ಗೊತ್ತಿಲ್ಲದವರಿಗೆ ವರ್ಷವನ್ನು ಅಂದಾಜಿನಲ್ಲಿ ಹಾಕಿ, ಜನವರಿ ಒಂದು ಎಂದು ಬರೆದುಬಿಟ್ಟಿದ್ದರು.

ಮನೆ ಮುಟ್ಟುವಷ್ಟರಲ್ಲಿ ನಾಗವೇಣಿಯ ತಲೆಯಲ್ಲಿ ಉಪಾಯ ಸಿದ್ಧವಾಗಿತ್ತು. ಹೊಸ ವರ್ಷದ ಕೇಕು ಎಲ್ಲ ಬೇಕರಿಯಲ್ಲೂ ಸಿಗುತ್ತದೆ. ಆದರೆ ಈ ಹಿರಿಯರ ಹೆಸರು ಬರೆದ ಕೇಕನ್ನು ಯಾರೂ ಮಾಡುವುದಿಲ್ಲ. ವಾಟ್ಸಾಪಿನಲ್ಲಿ ಒಂದು ಫೋಟೊ ಹಾಕಿದರೆ ಖರ್ಚಿಲ್ಲದೆ ಊರಿಗೆಲ್ಲ ಗೊತ್ತಾಗುತ್ತದೆ. ಅವತ್ತೇ ಸಣ್ಣದೊಂದು ಕೇಕ್ ಮಾಡಿ, ಮೇಲೆ 'ಓಬಮ್ಮ' ಎಂದು ಬರೆದು, ಅತ್ತೆಯನ್ನು ಅದರ ಪಕ್ಕದಲ್ಲಿ ಕೂರಲು ಕರೆದಳು. ಓಬಮ್ಮ ಬಂದು ನೋಡಿದಳು. ಕೂರಲಿಲ್ಲ.

"ಅದು ನನ್ನ ದಿನ ಅಲ್ಲವ್ವ. ನಾ ಹುಟ್ಟಿದಾಗ ಶೇಂಗಾ ಕೀಳ್ತಿದ್ರಂತ. ನಮ್ಮವ್ವ ಹೊಲದಾಗಿಂದ ಮನಿಗೆ ಬಂದು ಹೆತ್ತಾಳ. ಆಕಿ ಹೇಳಿದ್ದು ಬಿಟ್ಟು, ಕಾರ್ಡಿನವ್ರು ಹೇಳಿದ್ದಕ್ಕ ನಾ ಯಾಕ ಕೇಕ್ ಕೊಯ್ಯಲಿ?"

ಬರೀ ಫೋಟೊಕ್ಕೆ ತಾನೇ ಎಂದು ನಾಗವೇಣಿ ಸ್ವಲ್ಪ ಬಿರುಸಾಗಿಯೇ ಹೇಳಿದಳು. ಓಬಮ್ಮ ಜಗಳಕ್ಕೆ ನಿಲ್ಲದೆ, ಅಕ್ಕಿ ಆರಿಸುತ್ತಿದ್ದ ಮೊರದ ಮುಂದೆ ಹೋಗಿ ಕುಳಿತಳು. ಆ ಹೆಸರನ್ನು ಚಾಕುವಿನಿಂದ ಸವರಿ ಅಳಿಸುವಾಗ ನಾಗವೇಣಿಗೆ ನಾಚಿಕೆಯಾಯಿತು. ಈ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಅತ್ತೆ ಹುಟ್ಟಿದ್ದು ಯಾವಾಗ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಕೊನೆಗೆ ಹೆಸರಿಲ್ಲದ ಕೇಕಿನ ಫೋಟೊವನ್ನೇ ಬೀದಿಯ ಗುಂಪಿಗೂ ಘಟಕದ ಹೆಂಗಸರ ಗುಂಪಿಗೂ ಕಳಿಸಿದಳು. ಆಧಾರಿನಲ್ಲಿ ಜನವರಿ ಒಂದು ಎಂದಿರುವ ಹಿರಿಯರಿಗೆ, ಹೇಳಿದ್ದನ್ನು ಬರೆದುಕೊಡುವ ಮೊಟ್ಟೆಯಿಲ್ಲದ ಕೇಕ್ ಎಂದು ಕೆಳಗೆ ಬರೆದಿದ್ದಳು. ನಗುವ ಮುಖದ ಚಿತ್ರಗಳು ಬೇಕಾದಷ್ಟು ಬಂದವು. ಕೇಕ್ ಬೇಕೆಂದು ಹೇಳಿದವರು ಇಬ್ಬರೇ.

ಮೂವತ್ತನೇ ತಾರೀಖು ಬೆಳಿಗ್ಗೆ ಎರಡು ಬೀದಿ ಆಚೆಯ ದೊಡ್ಡಬೀರಪ್ಪ ಕೋಲೂರಿಕೊಂಡು ಬಂದ. ಮೊಮ್ಮಗಳು ಭವ್ಯಾ ಮೊಬೈಲಿನಲ್ಲಿ ಬಂದದ್ದನ್ನು ಅವನಿಗೆ ಓದಿ ಹೇಳಿದ್ದಳು. ಪ್ಲಾಸ್ಟಿಕ್ ಕವರಿನಿಂದ ಆಧಾರ್ ಕಾರ್ಡ್ ತೆಗೆದು ನಾಗವೇಣಿಯ ಕೈಗೆ ಕೊಟ್ಟ.

"ಎರ್ರಪ್ಪ ನನ್ನ ತಮ್ಮ. ಅವನಿಗೆ ನಡಿಯೋದು ಕಲಿಸಿದಾವ ನಾನು. ಕಾರ್ಡಿನಾಗ ಅವ ನನಗಿಂತ ಎರಡು ವರ್ಷ ದೊಡ್ಡಾವ."

ಅದರಿಂದಾಗಿ ತಮ್ಮನಿಗೆ ಪಿಂಚಣಿ ಶುರುವಾಗಿತ್ತು, ಅಣ್ಣನಿಗೆ ಇನ್ನೂ ವಯಸ್ಸಾಗಿರಲಿಲ್ಲ. ತಿದ್ದಿಸಲು ಬಡಾವಣೆಯ ಸರ್ಕಾರಿ ಕಚೇರಿಯಾದ ವಾರ್ಡ್ ಸಚಿವಾಲಯಕ್ಕೆ ಹೋದರೆ ಶಾಲೆಯ ಸರ್ಟಿಫಿಕೇಟು ಕೇಳಿದರು. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಪ್ರತಿ ತಿಂಗಳು ಪಿಂಚಣಿ ಕೊಡುವವರು ಎರ್ರಪ್ಪನ ಬಾಗಿಲಿಗೆ ಬಂದಾಗ, ಕಟ್ಟೆಯ ಮೇಲೆ ಕುಳಿತವರು ದೊಡ್ಡಬೀರಪ್ಪನನ್ನು 'ಏನಪ್ಪಾ ಸಣ್ಣ ಹುಡುಗ' ಎಂದು ಕರೆಯುತ್ತಿದ್ದರು. ಅವರು ನಕ್ಕದ್ದು ಅವನಿಗೆ ದೊಡ್ಡದಲ್ಲ. ಎರ್ರಪ್ಪನೂ ಅವರ ಜೊತೆ ನಗುತ್ತಿದ್ದ.

"ಹೆಸರಿನಾಗ ದೊಡ್ಡ ಐತಿ, ಕಾರ್ಡಿನಾಗ ಸಣ್ಣಾವ ಆಗೀನಿ. ಕೇಕಿನ ಮ್ಯಾಲಾದ್ರೂ ಅಣ್ಣ ಅಂತ ಬರಿಯವ್ವ."

ನಾಗವೇಣಿ ನಗಲಿಲ್ಲ. ನಿಜವಾಗಿ ಹುಟ್ಟಿದ್ದು ಯಾವಾಗ ಅಜ್ಜ ಎಂದು ಕೇಳಿದಳು. ತನ್ನದು ಗೊತ್ತಿಲ್ಲ ಎಂದ ದೊಡ್ಡಬೀರಪ್ಪ. ಎರ್ರಪ್ಪ ಹುಟ್ಟಿದ ದಿನ ಮಾತ್ರ ನೆನಪಿತ್ತು. ಅವತ್ತು ತನ್ನನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂರಿಸಿ ಬೆಲ್ಲ ಕೊಟ್ಟಿದ್ದರು, ಸಂಜೆ ಒಳಗೆ ಕರೆದು ಕೂಸನ್ನು ತೊಡೆಯ ಮೇಲೆ ಇಟ್ಟಿದ್ದರು. ಹೊರಡುವ ಮುಂಚೆ, ತೆಲುಗಿನಲ್ಲಿ ಬರೆಯಲೋ ಕನ್ನಡದಲ್ಲೋ ಎಂದು ಅವಳು ಕೇಳಿದಳು. ಮನೆಯವರಿಗೆ ಕನ್ನಡ, ಆಫೀಸಿನವರಿಗೆ ತೆಲುಗು, ಎರಡೂ ಇರಲಿ ಎಂದ.

ಮರುದಿನ ಅವಳು ಆ ಕೇಕಿಗೆ ಕೂತಷ್ಟು ಹೊತ್ತು ಬೇರಾವುದಕ್ಕೂ ಕೂತಿರಲಿಲ್ಲ. ದೊಡ್ಡ ಹುಡುಗನೊಬ್ಬ ಸಣ್ಣವನ ಕೈ ಹಿಡಿದು ನಡೆಸುತ್ತಿರುವ ಚಿತ್ರ ಬರೆಯಲು ಹೊರಟಳು. ಮೊದಲನೇ ಸಲ ಸಣ್ಣವನ ಮುಖ ಕದಡಿಹೋಯಿತು. ಕೆರೆದು ತೆಗೆದು ಮತ್ತೆ ಬರೆದಳು. ಮೇಲೆ ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ, 'ದೊಡ್ಡಬೀರಪ್ಪ, ಎರ್ರಪ್ಪನ ಅಣ್ಣ'.

ಜನವರಿ ಒಂದರ ಬೆಳಿಗ್ಗೆ ಅದನ್ನು ತಾನೇ ಒಯ್ದಳು. ದೊಡ್ಡಬೀರಪ್ಪನ ಮನೆಯಲ್ಲಿ ನೆರೆಯವರು ಸೇರಿದ್ದರು, ಎರ್ರಪ್ಪನನ್ನೂ ಕರೆಸಿದ್ದರು. ಡಬ್ಬಿ ತೆರೆದು ಭವ್ಯಾ ಗಟ್ಟಿಯಾಗಿ ಓದಿದಳು. ಯಾರೋ ನಗಲು ಶುರುಮಾಡಿ ಎರ್ರಪ್ಪನ ಮುಖ ನೋಡಿ ನಿಲ್ಲಿಸಿದರು. ಅವನು ಕೇಕಿನ ಮೇಲಿನ ಹುಡುಗರನ್ನು ಬಹಳ ಹೊತ್ತು ನೋಡಿದ.

"ನಾ ನಕ್ಕಿದ್ದು ನಿನ್ನ ಮನಸಿಗೆ ಹತ್ತೈತಿ ಅಂತ ನನಗ ಗೊತ್ತಾಗಲಿಲ್ಲಣ್ಣ," ಎಂದ.

ದೊಡ್ಡಬೀರಪ್ಪ ಕೇಕ್ ಕೊಯ್ದು ಮೊದಲ ತುಂಡನ್ನು ತಮ್ಮನ ಬಾಯಿಗೆ ಇಟ್ಟ. ಎರ್ರಪ್ಪನ ಮೀಸೆಗೆ ಕ್ರೀಮು ಅಂಟಿತು. ಅಣ್ಣ ಅದನ್ನು ತನ್ನ ಟವೆಲಿನಿಂದ ಒರೆಸಿದ.

ಹಿಂದಿನ ವಾರದ ನಾಗವೇಣಿಯಾಗಿದ್ದರೆ ಅಷ್ಟರಲ್ಲಿ ನಾಲ್ಕು ಫೋಟೊ ತೆಗೆದಿರುತ್ತಿದ್ದಳು. ಈಗ ಮೊಬೈಲನ್ನು ಚೀಲದಿಂದ ತೆಗೆಯಲು ಕೈ ಬರಲಿಲ್ಲ. ಹೊರಡಲೆಂದು ಬಾಗಿಲ ಹತ್ತಿರ ಬಂದಾಗ ದೊಡ್ಡಬೀರಪ್ಪನೇ ಕರೆದ.

"ಫೋಟೊ ಹೊಡಿಯಂಗಿಲ್ಲೇನವ್ವ? ಎಲ್ಲಾರೂ ನೋಡ್ಲಿ ಅಂತನ ಬರಿಸೀನಿ."

ಅಣ್ಣ ತಮ್ಮ ಅರ್ಧ ಕೊಯ್ದ ಕೇಕಿನ ಹಿಂದೆ ನಿಂತರು. ಆ ಫೋಟೊ ಗುಂಪಿನಿಂದ ಗುಂಪಿಗೆ ಹೋಗಿ ಸುತ್ತಲ ಊರುಗಳಾದ ಬೆಳುಗುಪ್ಪವನ್ನೂ ಡಿ. ಹಿರೇಹಾಳನ್ನೂ ಮುಟ್ಟಿತು. ಒಮ್ಮೆಲೇ ಜನ ಮುಗಿಬೀಳಲಿಲ್ಲ. ವಾರಕ್ಕೆ ಎರಡು ಮೂರು ಫೋನ್ ಬರತೊಡಗಿದವು, ಮಾತುಗಳು ಮಾತ್ರ ಬೇರೆಯಾಗಿದ್ದವು. ಎಷ್ಟು ಕೆಜಿ, ಯಾವ ಬಣ್ಣ ಎನ್ನುವುದಕ್ಕಿಂತ ಮುಂಚೆ, ನಮ್ಮ ಅಜ್ಜಿಯ ವಿಷಯ ಸ್ವಲ್ಪ ಹೇಳಬೇಕು ಎಂದು ಶುರುಮಾಡುತ್ತಿದ್ದರು. ನಾಗವೇಣಿ ಹೊಲಿಗೆ ಯಂತ್ರ ನಿಲ್ಲಿಸಿ ಕೇಳುತ್ತಿದ್ದಳು.

ದೊಡ್ಡಬೀರಪ್ಪನ ಕಾರ್ಡು ಇನ್ನೂ ಹಾಗೆಯೇ ಇದೆ. ಸಂಕ್ರಾಂತಿ ಕಳೆದ ಮೇಲೆ ಎರ್ರಪ್ಪ ಅವನ ಜೊತೆ ಸಚಿವಾಲಯಕ್ಕೆ ಹೋಗಿ, ತಾನೇ ತಮ್ಮನೆಂದು ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟು ಬಂದ. ಅಲ್ಲಿನವರು ನೋಡೋಣ ಎಂದಿದ್ದಾರೆ.

ಕೇಕಿಗೆ ಹೊತ್ತು ಸಾಲದೆ ಮಾರ್ಚಿನಲ್ಲಿ ನಾಗವೇಣಿ ಘಟಕದ ಮೇಸ್ತ್ರಿಯ ಹತ್ತಿರ ಹೋಗಿ, ಇನ್ನು ಮೇಲೆ ಅರ್ಧ ದಿನ ಮಾತ್ರ ಬರುತ್ತೇನೆ ಎಂದಳು. ಅವನು ಸ್ವಲ್ಪ ಗೊಣಗಿ ಒಪ್ಪಿದ. ಈಗ ಮಧ್ಯಾಹ್ನದ ಮೇಲಿನ ಹೊತ್ತೆಲ್ಲ ಅವಳದೇ.