ಗುವಾಹಟಿಗೆ ಮೂರು ತಾಸು

ಬೆಂಗಳೂರಿನಲ್ಲಿ ವಿಮಾನ ಹತ್ತಲು ಸಾಲಿನಲ್ಲಿ ನಿಂತಿದ್ದಾಗ ಮಾಲತೇಶನ ಮೊಬೈಲಿಗೆ ಸಂದೇಶ ಬಂತು. ಅಣ್ಣನ ಜೊತೆ ಕೆಲಸ ಮಾಡುತ್ತಿದ್ದವನು ಹಿಂದಿಯಲ್ಲಿ ಬರೆದಿದ್ದ. ಅರ್ಥವಾಗಲು ಹೆಚ್ಚು ಹಿಂದಿ ಬೇಕಿರಲಿಲ್ಲ. ಅಣ್ಣ ಪ್ರದೀಪ್ ತೀರಿಕೊಂಡಿದ್ದ.

ಪ್ರದೀಪ್ ಅಸ್ಸಾಮಿನ ಕಡೆ ಸುರಂಗದ ಕೆಲಸದಲ್ಲಿ ಮಣ್ಣು ಅಗೆಯುವ ಹಿಟಾಚಿ ಯಂತ್ರ ಓಡಿಸುತ್ತಿದ್ದ. ಮೊನ್ನೆ ಬಂಡೆ ಕುಸಿದು ಅದರಡಿ ಸಿಕ್ಕಿ ಕಾಲು ಜಜ್ಜಿಹೋಗಿತ್ತು. ಗುವಾಹಟಿಯ ಆಸ್ಪತ್ರೆಗೆ ಸೇರಿಸಿದ್ದರು. ರೈಲಿನಲ್ಲಾದರೆ ಎರಡೂವರೆ ದಿನವೆಂದು ಬಸವಾಪಟ್ಟಣದ ಮನೆಯವರು ಅವನ ಹೆಂಡತಿ ಆಶಾಳನ್ನೂ ತಮ್ಮ ಮಾಲತೇಶನನ್ನೂ ವಿಮಾನದಲ್ಲಿ ಕಳಿಸಿದ್ದರು. "ಎರಡು ಸಾವಿರದ ಮುನ್ನೂರು ಕಿಲೋಮೀಟರ್ ಐತೆ ಅತ್ತಿಗೆ, ಆದ್ರೂ ಮೂರೇ ತಾಸು," ಎಂದು ದಾರಿಯುದ್ದಕ್ಕೂ ಧೈರ್ಯ ತುಂಬಿದವನು ಮಾಲತೇಶನೇ.

"ಯಾರ್ದು ಮೆಸೇಜು?" ಆಶಾ ತಿರುಗಿ ಕೇಳಿದಳು.

"ಕಂಪನಿಯೋರ್ದು. ಹೊರಟ್ರಾ ಅಂತ ಕೇಳ್ತಾರೆ."

ಮೊಬೈಲ್ ಆಫ್ ಮಾಡಿ ಜೇಬಿಗೆ ಹಾಕಿದ. ಇಲ್ಲಿ ಹೇಳಿದರೆ ಇವಳು ಕುಸಿದುಬೀಳುತ್ತಾಳೆ, ಆಗ ವಿಮಾನಕ್ಕೆ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ ಎಂದುಕೊಂಡ. ಇಳಿದ ಮೇಲೆ ಹೇಳಿದರಾಯಿತು. ಮೂರು ತಾಸು ಬಾಯಿ ಮುಚ್ಚಿಕೊಂಡಿರುವುದೇನು ಮಹಾ ಅನ್ನಿಸಿತ್ತು.

ವಿಮಾನ ಮೋಡ ದಾಟಿದ ಮೇಲೆ ಆಶಾಳ ಮುಖ ಸ್ವಲ್ಪ ಗೆಲುವಾಯಿತು. ಬೆಳಿಗ್ಗೆ ಗಂಡ ಕಣ್ಣು ಬಿಟ್ಟನೆಂದು ಡಾಕ್ಟರು ಹೇಳಿದ್ದರು. ಮೊನ್ನೆಯಿಂದ ಬರೀ ಚಹಾದಲ್ಲಿದ್ದವಳು ಈಗ ತಾನಾಗಿಯೇ ಉಪ್ಪಿಟ್ಟು ಕೇಳಿ ತರಿಸಿಕೊಂಡಳು.

"ನೀನೂ ಒಂದೀಟು ತಿನ್ನೋ. ಅಲ್ಲಿ ಓಡಾಡಾಕೆ ಶಕ್ತಿ ಬ್ಯಾಡ್ವಾ?"

"ನಂಗೆ ಹಸಿವಿಲ್ಲ ಅತ್ತಿಗೆ."

"ಕಾಲು ಹೋದ್ರೂ ಹೋಗ್ಲಿ, ಮನೇಲಿ ಕಣ್ಮುಂದೆ ಇರ್ಲಿ," ಎಂದಳು ಆಶಾ. "ನಾನು ದುಡಿದು ಹಾಕ್ತೀನಿ. ಇನ್ನು ಇಷ್ಟು ದೂರ ಕಳ್ಸಾಕೆ ಆಗಲ್ಲಪ್ಪ."

ಮಾಲತೇಶ ಹೂಂ ಎಂದ. ಎದ್ದು ಶೌಚಾಲಯಕ್ಕೆ ಹೋಗಿ, ಬಾಯಿಗೆ ಕರ್ಚೀಫು ತುರುಕಿಕೊಂಡು ಅತ್ತ. ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಆಶಾ ಕಿಟಕಿಗೆ ಒರಗಿ ನಿದ್ದೆಹೋಗಿದ್ದಳು. ನಿದ್ದೆ ಇನ್ನಷ್ಟು ಹೊತ್ತು ಇರಲಿ, ವಿಮಾನ ಇಳಿಯದೆ ಹೀಗೇ ಹೋಗುತ್ತಿರಲಿ ಎಂದು ಅವನ ಜೀವ ಬೇಡಿತು. ಆದರೆ ಹೊತ್ತಿಗೆ ಮುಂಚೆಯೇ ಇಳಿಯುತ್ತಿದ್ದೇವೆಂದು ಪೈಲಟ್ ಖುಷಿಯಿಂದ ಹೇಳಿದ.

ಚಕ್ರ ನೆಲ ಮುಟ್ಟಿದ್ದೇ ಆಶಾ ಮೊಬೈಲ್ ಆನ್ ಮಾಡಲು ಹೋದಳು. ಮಾಲತೇಶ ಅವಳ ಕೈ ಹಿಡಿದ.

"ಅತ್ತಿಗೆ... ಅಣ್ಣ ಇಲ್ಲ."

ಅವಳು ಕೂಗಲಿಲ್ಲ. ಅವನನ್ನೇ ನೋಡಿದಳು. "ಯಾವಾಗ ಗೊತ್ತಾತು?"

"ಹತ್ತಾಕೆ ಮುಂಚೆ."

"ಗೊತ್ತಿದ್ದೂ ನನ್ನ ತಿನ್ನಾಕೆ ಬಿಟ್ಟೆಯಲ್ಲೋ. ನಿದ್ದೆ ಮಾಡಾಕೆ ಬಿಟ್ಟೆ."

ಸುತ್ತಲಿನವರು ಎದ್ದು ಬ್ಯಾಗು ಇಳಿಸಿಕೊಳ್ಳುತ್ತಿದ್ದರು.

ಆಸ್ಪತ್ರೆಯವರೆಗೂ ಅವಳು ಕಾರಿನ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತಿದ್ದಳು. ಶವಾಗಾರದ ಬಾಗಿಲಲ್ಲಿ ಅವನೂ ಹೆಜ್ಜೆಯಿಟ್ಟಾಗ ಕೈಯಡ್ಡ ಮಾಡಿದಳು. "ನೀನು ಇಲ್ಲೇ ಇರು. ನನ್ನ ಗಂಡನ್ನ ನಾನು ಮೊದ್ಲು ನೋಡ್ತೀನಿ."

ಒಳಗಿನಿಂದ ಬಂದ ಅಳು ಮಾಲತೇಶನಿಗೆ ಗೋಡೆಯಾಚೆಯೂ ಕೇಳಿಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಆಶಾ ಹೊರಬಂದಳು.

"ಹೋಗು. ನಿಮ್ಮಣ್ಣನ್ನ ನೋಡು."

ಅವನು ಒಳಗೆ ಹೋಗುವಾಗ ಅವಳು ಸೆರಗನ್ನು ಮೈಗೆ ಎಳೆದುಕೊಂಡು ಗೋಡೆಗೆ ಸರಿದು ನಿಂತಳು, ಅವನಿಗೆ ತಾಕದ ಹಾಗೆ.