ಕಂಬಳಿಗೆ ಕೊಟ್ಟ ಎರಡು ಅಂಕ

ಜಮಖಂಡಿಯಲ್ಲಿ ಕನ್ನಡ ಮಾಸ್ತರನಾಗಿದ್ದಾಗ, ನನ್ನಷ್ಟು ಚೆನ್ನಾಗಿ ಕತೆ ಬಿಡಿಸಿ ಹೇಳುವವನು ಇಡೀ ವಿಜಾಪುರ ಜಿಲ್ಲೆಯಲ್ಲೇ ಇಲ್ಲ ಎಂದು ನಂಬಿದ್ದೆ. ಸೊಕ್ಕು, ಮತ್ತೇನು! ಆಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು, ಮ್ಯಾಟ್ರಿಕ್ ಪರೀಕ್ಷೆಯ ಕಾರಭಾರವೆಲ್ಲ ಪುಣೆಯಲ್ಲಿ. ಅಲ್ಲಿಯ ಪರೀಕ್ಷಕರ ಯಾದಿಗೆ ಆ ವರ್ಷ ನನ್ನ ಹೆಸರೂ ಹೋಗಿತ್ತು.

ಪಠ್ಯದಲ್ಲಿ ಒಂದು ಹಳೆಯ ಕತೆ ಇತ್ತು, ಮೂರೇ ಪುಟ. ಕುರುಬರ ಮುದುಕಿಯೊಬ್ಬಳ ಮಗ ಕುರಿ ಹೊಡೆದುಕೊಂಡು ಹೋದವನು ವರ್ಷವಾದರೂ ತಿರುಗಿ ಬಂದಿಲ್ಲ. ಹೊಳೆಯ ಪಾಲಾದ ಎಂದು ಊರವರು ಆಡಿಕೊಳ್ಳುತ್ತಾರೆ. ಕೊನೆಗೆ ಅವಳು ಅಂಗಳ ಗುಡಿಸುತ್ತಾಳೆ. ನೀರು ಚಿಮುಕಿಸುತ್ತಾಳೆ. ಕರಿ ಕಂಬಳಿ ಹಾಸುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು. ಹನ್ನೊಂದು ವರ್ಷ ನಾನು ಅದಕ್ಕೆ ಒಂದೇ ಅರ್ಥ ಹೇಳುತ್ತ ಬಂದಿದ್ದೆ. ಕತೆಯ ವಸ್ತು ಸಾವು, ಕರಿ ಕಂಬಳಿ ಸಾವಿನ ಸಂಕೇತ, ಆ ತುಂಡು ತುಂಡು ವಾಕ್ಯಗಳು ತಾಯಿಯ ಬಿಕ್ಕಳಿಕೆ. ಹೇಳುವಾಗ ನನ್ನ ಮಾತಿಗೆ ನಾನೇ ಮರುಳಾಗುತ್ತಿದ್ದೆ.

ನಮ್ಮ ಶಾಲೆಯ ಸಿಪಾಯಿ ಹುಲೆಪ್ಪ ಹಿಪ್ಪರಗಿಯ ಕುರುಬರವನು. ಏಳು ವರ್ಷ ವರಾಂಡದಲ್ಲಿ ನಿಂತು ಪಾಠ ಕೇಳಿ ಕೇಳಿ, ಖಾಸಗಿಯಾಗಿ ಮ್ಯಾಟ್ರಿಕ್‌ಗೆ ಕೂಡಲು ಹೊರಟಿದ್ದ. ಪಾಸಾದರೆ ಊರ ಲೆಕ್ಕ ಬರೆಯುವ ತಲಾಠಿಯ ನೌಕರಿ ಸಿಗುವುದಿತ್ತು. ಆದರೆ ಅದಕ್ಕೆ ಇಪ್ಪತ್ತೈದು ತುಂಬುವುದರೊಳಗೆ ಸೇರಬೇಕು, ಅವನಿಗೆ ಉಳಿದದ್ದು ಅದೊಂದೇ ವರ್ಷ. ಹೊರಗಿನಿಂದ ಕೂಡುವವರು ಮೊದಲು ನಮ್ಮ ಶಾಲೆಯ ಪೂರ್ವಪರೀಕ್ಷೆ ದಾಟಿದರೆ ಮಾತ್ರ ಅವರ ಫಾರ್ಮು ಪುಣೆಗೆ ಹೋಗುತ್ತಿತ್ತು.

ಆ ಪರೀಕ್ಷೆಯಲ್ಲಿ ಕತೆಯ ವಸ್ತು, ಶೈಲಿಗಳನ್ನು ವಿವೇಚಿಸಿ ಎಂದು ಇಪ್ಪತ್ತು ಅಂಕಕ್ಕೆ ಕೇಳಿದ್ದೆ. ಹುಲೆಪ್ಪ ಬರೆದದ್ದು ಇಷ್ಟು: ‘ಈ ಕತೆಯಲ್ಲಿ ಸಾವು ಎಂಬ ಶಬ್ದ ಎಲ್ಲಿಯೂ ಇಲ್ಲ. ಅಳು ಎಂಬ ಶಬ್ದವೂ ಇಲ್ಲ. ಕಂಬಳಿ ಹಾಸುವುದು ಬರುವವರಿಗೆ. ಮಗ ಬರುತ್ತಾನೆಂದು ಅವಳು ಹಾಸಿದ್ದಾಳೆ. ಕೆಲಸದ ಅವಸರ ಇದ್ದುದರಿಂದ ವಾಕ್ಯಗಳು ಸಣ್ಣವು. ಅವನು ಬರುವುದಿಲ್ಲವೆಂದು ಓದುವವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ದುಃಖ ಅದೇ.’

ಓದಿ ನನಗೆ ಮೈಯೆಲ್ಲ ಉರಿಯಿತು. ಗಂಟೆ ಬಾರಿಸುವವನು ನನ್ನ ಪಾಠವನ್ನೇ ತಿದ್ದುತ್ತಾನೆಯೇ! ಕೆಂಪು ಶಾಯಿಯಲ್ಲಿ ಎರಡು ಅಂಕ ಗೀಚಿದೆ. ಪಾಸಿಗೆ ಮೂವತ್ತೈದು ಬೇಕು, ಅವನಿಗೆ ಬಂದದ್ದು ಮೂವತ್ತೊಂದು. ಉತ್ತರಪತ್ರಿಕೆ ಮರಳಿ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಯಾಕೆ ನಪಾಸಾದೆನೆಂದು ಅವನೂ ಕೇಳಲಿಲ್ಲ.

ಸಂಕ್ರಾಂತಿಗೆ ಹಿಪ್ಪರಗಿಗೆ ಹೋಗಿ ಕೃಷ್ಣೆಯಲ್ಲಿ ಮುಳುಗಿ ಬರುತ್ತಿದ್ದೆ. ದಾರಿಯಲ್ಲಿ ಹೆಂಗಸೊಬ್ಬಳು ತಡೆದಳು, ಹುಲೆಪ್ಪನ ತಾಯಿ ಹೊಳೆವ್ವ.

“ನಮ್ಮ ಹುಲ್ಯಾನ ಮಾಸ್ತರಲ್ರಿ? ಹಂಗ ಹೋಗಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ, ಅಂಗಳಕ್ಕರ ಬರ್ರಿ.”

ನಾನು ಹೂಂ ಅನ್ನುವುದರೊಳಗೆ ಓಡಿದಳು. ಸರಸರ ಗುಡಿಸಿದಳು. ನೀರು ಚಿಮುಕಿಸಿದಳು. ಒಳಗಿನಿಂದ ಕರಿ ಕಂಬಳಿ ತಂದು, ಝಾಡಿಸಿ ಹಾಸಿದಳು. ನಾನು ನಿಂತಲ್ಲೇ ನಿಂತೆ.

“ಮಡೀಲೆ ಅದೀರೇನ್ರಿ? ಉಣ್ಣಿ ಕಂಬಳಿಗಿ ಮೈಲಿಗಿ ಇಲ್ಲಂತಾರಲ್ರಿ, ಕೂಡ್ರಿ. ದೇವರು ಬಂದ್ರ, ದೊಡ್ಡೋರು ಬಂದ್ರ, ದೂರ ಹ್ವಾದ ಮಗ ತಿರುಗಿ ಬಂದ್ರ ನಾವು ಕಂಬಳಿ ಹಾಸತೀವ್ರಿ. ನಪಾಸ ಆಗಿದ್ದು ಅಂವನ ಹಣೇಬರಾ ಬಿಡ್ರಿ. ನಿಮ್ಮ ತಪ್ಪೇನೈತಿ?”

ಕುಳಿತೆ. ಅವಳು ಕೊಟ್ಟ ಹಾಲು ಕುಡಿದೆ. ಹನ್ನೊಂದು ವರ್ಷ ಏನು ಹೇಳಿದೆನಪ್ಪಾ ಎಂದು ನಾಚಿಕೆಯಿಂದ ಸತ್ತೆ.

ಮರುದಿನ ಹೆಡ್‌ಮಾಸ್ತರ ಬಾಳಾಸಾಹೇಬರ ಕೋಣೆಗೆ ಹೋದೆ. ಫಾರ್ಮು ಕಳಿಸಲು ಇನ್ನೂ ಎರಡು ದಿನವಿತ್ತು.

“ಹುಲೆಪ್ಪನ ಪೇಪರು...” ಎಂದೆ.

“ಯಾಕ, ತಪ್ಪಾಗೇತೇನು? ಆಗಿದ್ರ ಬರದು ಸಹಿ ಮಾಡಿ ಕೊಡ್ರಿ, ಅಂವನ ಫಾರ್ಮ್ ಕಳಸೂಣು. ಆದ್ರ ಕಾಗದ ಇನ್‌ಸ್ಪೆಕ್ಟರ ಕಣ್ಣಿಗಿ ಬೀಳತೈತಿ. ನಿಮ್ಮ ಹೆಸರು ಬ್ಯಾರೆ ಪುಣೇಕ ಹೋಗೇತಿ. ವಿಚಾರ ಮಾಡ್ರಿ.”

ಎರಡು ಸಾಲು ಬರೆದರೆ ಸಾಕಿತ್ತು. ಮೇಜಿನ ಮೇಲೆ ಶಾಯಿಯ ದವತಿಯೂ ಇತ್ತು, ಬರೆಯುವ ಟಾಕೂ ಇತ್ತು.

“ಏನಿಲ್ರಿ, ಪೇಪರು ಎಲ್ಲಿಟ್ಟೀರಿ ಅಂತ ಕೇಳಾಕ ಬಂದಿದ್ದೆ” ಎಂದು ಹೊರಗೆ ಬಂದೆ. ಥೂ, ನನ್ನ ಜನ್ಮಕ್ಕೆ!

ಏಪ್ರಿಲಿನಲ್ಲಿ ಪುಣೆಗೆ ಹೋಗಿ ಪೇಪರು ತಿದ್ದಿ ಬಂದೆ. ಮಳೆಗಾಲಕ್ಕೆ ಶಾಲೆ ತೆರೆದಾಗ ಅದೇ ಕತೆ ಮತ್ತೆ ಬಂತು. ಈ ಸಲ ಹೇಳಿದೆ: ವಸ್ತು ನಿರೀಕ್ಷೆ. ಸಾವು ಎಂಬ ಶಬ್ದವೇ ಇಲ್ಲ, ನೋಡಿರಿ. ಅವಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ, ದುಃಖ ಅದೇ. ಪಾಠ ನೋಡಲೆಂದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಬಾಳಾಸಾಹೇಬರು, “ವಾಹ್, ಏನ್ ಒಳನೋಟ ರೀ ನಿಮ್ದು!” ಎಂದರು. ಯಾರ ಮಾತೆಂದು ನಾನು ಹೇಳಲಿಲ್ಲ.

ತರಗತಿ ಬಿಟ್ಟ ಮೇಲೆ ಹುಲೆಪ್ಪ ಹಲಗೆಯ ಮೇಲಿನ ಖಡು ಒರೆಸುವ ಅರಿವೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುಖದ ತುಂಬ ಸಂತೋಷ.

“ಭಾಳ ಛಲೋ ಹೇಳಿದ್ರಿ, ಮಾಸ್ತರ. ನಾನೂ ಹಿಂಗ ಬರದಿದ್ದೆ ಅಂತ ನೆನಪೈತಿ ನೋಡ್ರಿ” ಎಂದ. ಆಮೇಲೆ ತಾನೇ ತಲೆಯಾಡಿಸಿದ. “ಇಲ್ಲ ತಗೋರಿ, ಏನೋ ಬ್ಯಾರೆ ಬರದಿರಬೇಕು. ಹಿಂಗ ಬರದಿದ್ನಂದ್ರ ನೀವು ಮಾರ್ಕ್ ಕೊಡಲಾರದ ಇರತಿದ್ರೇನ್ರಿ?”

“ಹೌದು, ಕೊಡತಿದ್ದೆ” ಎಂದೆ.