ಇಪ್ಪತ್ತು ಕಿಲೋಮೀಟರಿನ ಹೊಟ್ಟೆ

ಏಳು ಸಮುದ್ರದ ಆಚೆ ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆಯಿಂದ ಸರಿಯಾಗಿ ತೊಂಬತ್ತೆರಡು ಕಿಲೋಮೀಟರ್ ಆಚೆ, ಹಿಮದ ಗುಡ್ಡಗಳ ನಡುವೆ ಒಂದು ಕೆರೆಯಿತ್ತು. ಚಳಿಗಾಲ ಬಂತೆಂದರೆ ಅದರ ನೀರು ಹೆಪ್ಪುಗಟ್ಟಿ ಗಾಜಾಗುತ್ತಿತ್ತು. ಆ ಗಾಜಿನ ಮೇಲೆ ಕಲ್ಲೆಸೆದರೆ ಕೆರೆ ಹಾಡುತ್ತಿತ್ತು. ಅದನ್ನು ಕೇಳಬೇಕೆಂದು ಒಬ್ಬ ರಾಜ, ಒಬ್ಬ ರಾಣಿ, ಇಬ್ಬರು ರಾಜಕುಮಾರಿಯರು ಮೂರು ಚಳಿಗಾಲದಿಂದ ಹೊರಡುತ್ತಲೇ ಇದ್ದರು. ತಲುಪಿರಲಿಲ್ಲ, ಅಷ್ಟೆ.

ರಾಜ ಎಂದರೆ ನನ್ನ ಭಾವ. ರಾಣಿ ನನ್ನ ಅಕ್ಕ. ದೊಡ್ಡ ರಾಜಕುಮಾರಿಗೆ ಒಂಬತ್ತು ವರ್ಷ. ಎಲ್ಲದಕ್ಕೂ ವಾದ ಹೂಡುವುದರಿಂದ ಅವಳು ಲಾಯರಮ್ಮ. ಐದು ವರ್ಷದ ಚಿಕ್ಕವಳು ಬುಗುರಿ. ನಾನು ಅವರ ಚಿಕ್ಕಮ್ಮ, ಅದೇ ಮನೆಯ ಮೂಲೆಕೋಣೆಯವಳು. ಅಜ್ಜಿಯ ಕತೆ ಕೇಳಿ ಕೇಳಿ ನನ್ನ ತಲೆ ಆಕಾಶದಲ್ಲೇ ಉಳಿದುಬಿಟ್ಟಿದೆ ಎಂಬುದು ಭಾವನ ಅಭಿಪ್ರಾಯ.

ಭಾವನಿಗೆ ಪ್ರಯಾಣಕ್ಕಿಂತ ಯೋಜನೆ ಇಷ್ಟ. ಚಳಿ ಬಿದ್ದ ಕೂಡಲೇ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟುತ್ತಿತ್ತು. ಯಾರು ಎಷ್ಟು ಗಂಟೆಗೆ ಏಳಬೇಕು, ಯಾರಿಗೆ ಯಾವ ಸ್ವೆಟರು, ಫ್ಲಾಸ್ಕು ಯಾರ ಕಾಲ ಬಳಿ. ಮೇಲೆ ದಪ್ಪಕ್ಷರದಲ್ಲಿ ‘ಈ ಶನಿವಾರ’. ಶುಕ್ರವಾರ ಸಂಜೆಯಾದರೆ ಅವರೇ ‘ಈ’ ಅಳಿಸಿ ‘ಮುಂದಿನ’ ಎಂದು ಬರೆಯುತ್ತಿದ್ದರು. ಮಂಜು, ಗಾಳಿ, ನೆಗಡಿ, ಕಾರಣಗಳಿಗೇನು ಬರವೇ? ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಮೊದಲ ಚಳಿಗಾಲದಲ್ಲಿ ಒಮ್ಮೆ ಹೊರಟಾಗ, ಇಪ್ಪತ್ತೊಂದನೆಯ ಕಿಲೋಮೀಟರಿನಲ್ಲಿ, ಬುಗುರಿ ಹೊಸ ಕಾರಿನ ಹಾಲುಬಣ್ಣದ ಸೀಟಿನ ಮೇಲೆ ವಾಂತಿ ಮಾಡಿಕೊಂಡಿದ್ದಳು. ಭಾವ ಅಲ್ಲೇ ಕಾರು ತಿರುಗಿಸಿದ್ದರು.

ಈ ಸಲವೂ ‘ಮುಂದಿನ’ ಬರೆದಾಗ ಬುಗುರಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

“ಅಪ್ಪಾ, ನನ್ನ ಬಿಟ್ಟು ಹೋಗಿ. ಅಕ್ಕ ಪಾಪ, ಕೆರೆ ಹಾಡೋದು ಕೇಳ್ಬೇಕಂತೆ. ನಾನು ಮನೇಲಿರ್ತೀನಿ. ಅಳಲ್ಲ.”

ಭಾವ ಕೇಳಿಸದವರಂತೆ ಪೆನ್ನಿನ ಮುಚ್ಚಳ ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಗು ಅಷ್ಟು ಚಿಕ್ಕ ವಯಸ್ಸಿಗೇ ತಪ್ಪನ್ನು ಮಡಿಚಿ ಜೇಬಿಗಿಟ್ಟುಕೊಂಡಿತ್ತು.

“ಬುಗುರಿ, ಇಲ್ಲಿ ನೋಡು,” ಎಂದೆ. “ಈ ಚಳಿಗಾಲ ಮುಗಿಯೋದ್ರೊಳಗೆ ನಿನ್ನ ಕೈಯಿಂದಲೇ ಆ ಕಲ್ಲು ಎಸೆಸ್ತೀನಿ. ಮಾತು ಅಂದ್ರೆ ಮಾತು.”

“ಚಿಕ್ಕೀ, ಇದು ಬಾಯಿಮಾತಿನ ಒಪ್ಪಂದ,” ಎಂದಳು ಲಾಯರಮ್ಮ. “ಆದ್ರೂ ನಾನು ಸಾಕ್ಷಿ.”

ನನ್ನ ಕೆಲಸ ಕಾರಿನ ಸೀಟಿಗೆ ಕವಚ ಹೊಲಿಯುವ ಅಂಗಡಿಯಲ್ಲಿ. ಗೋಡೆಯುದ್ದಕ್ಕೂ ಬಟ್ಟೆಯ ಸುರುಳಿಗಳು, ಗಾಳಿಯಲ್ಲಿ ಅಂಟಿನ ವಾಸನೆ, ಸೂಜಿ ಮುರಿದರೆ ಕೇಳುವ ‘ಟಕ್’. ಮರುವಾರ ಊಟದ ಬಿಡುವಿನಲ್ಲಿ ರೇನ್‌ಕೋಟಿನ ಬಟ್ಟೆ ಕತ್ತರಿಸಿ ಹಿಂದಿನ ಸೀಟಿಗೊಂದು ಕವಚ ಹೊಲಿದೆ. ಅದರ ಅಂಚು ಮುಂದಿನ ಸೀಟುಗಳ ಬೆನ್ನಿಗೆ ತೂಗುವಂತೆ ಮಾಡಿ, ಕೂರುವವರ ಎದುರಿಗೆ ಅಗಲ ಬಾಯಿಯ ಮೂರು ಜೇಬು. ಒಂದೊಂದರೊಳಗೂ ಬಿಚ್ಚಿ ಎಸೆಯಬಹುದಾದ ಚೀಲ.

“ಇದೇನಮ್ಮ, ಕಾಂಗರೂಗೆ ಅಂಗಿ ಹೊಲೀತಿದ್ದೀಯಾ?” ಎಂದರು ಅಂಗಡಿಯ ಯಜಮಾನರು.

“ರಾಜರಿಗೆ,” ಎಂದೆ.

ಸೀಟು ಸರಿಹೋಯಿತು, ಇನ್ನು ಹೊಟ್ಟೆ. ನನ್ನಜ್ಜಿ ಉದ್ದದ ಕತೆಯನ್ನು ಒಂದೇ ಉಸಿರಿಗೆ ಹೇಳಿದವಳಲ್ಲ. ನಮ್ಮ ಕಣ್ಣು ತೂಗತೊಡಗುವ ಸ್ವಲ್ಪ ಮೊದಲೇ ನಿಲ್ಲಿಸಿ, ನೀರು ಕುಡಿಸಿ, ಅಂಗಳದಲ್ಲಿ ಒಂದು ಸುತ್ತು ಓಡಿಸಿ, ಮತ್ತೆ ಶುರು ಮಾಡುತ್ತಿದ್ದಳು. ಬುಗುರಿಯದು ಇಪ್ಪತ್ತು ಕಿಲೋಮೀಟರಿನ ಹೊಟ್ಟೆ. ಹಾಗಾದರೆ ದಾರಿಯನ್ನು ಹದಿನೆಂಟು ಹದಿನೆಂಟಾಗಿ ತುಂಡರಿಸಿದರಾಯಿತು! ಎಲ್ಲೆಲ್ಲಿ ಇಳಿಯಬೇಕು, ಎಷ್ಟು ಹೊತ್ತು ಓಡಬೇಕು, ಎಲ್ಲವನ್ನೂ ಬರೆದು ಶುಕ್ರವಾರ ಭಾವನ ಪಟ್ಟಿಯ ಮೇಲೇ ಅಂಟಿಸಿದೆ.

ರೇಡಿಯೋದಲ್ಲಿ ಸೋಮವಾರದಿಂದ ಬಿಸಿಲು ಇನ್ನೂ ಏರುತ್ತದೆ ಎಂದರು. ಕೆರೆ ಕರಗುತ್ತದೆ ಎಂದು ಅವರು ಹೇಳಲಿಲ್ಲ, ನಮಗೇ ಅರ್ಥವಾಯಿತು.

“ತೊಂಬತ್ತೆರಡು ಕಿಲೋಮೀಟರಿಗೆ ಐದು ಸಲ ನಿಲ್ಲೋದಾ?” ಭಾವ ನಕ್ಕರು. “ಎಮ್ಮೆ ಕೂಡ ನಮ್ಮನ್ನ ಹಿಂದೆ ಹಾಕುತ್ತೆ. ಮುಂದಿನ ವರ್ಷ ನೋಡೋಣ. ಅವಳ ಹೊಟ್ಟೆ ಗಟ್ಟಿಯಾಗ್ಲಿ.”

“ಅವಳ ಹೊಟ್ಟೆಗೇನಾಗಿದೆ?” ಎಂದೆ. “ನಿಮ್ಮ ಸೀಟಿನ ಬಣ್ಣ ಗಟ್ಟಿಯಿಲ್ಲ ಅನ್ನಿ. ನಾಳೆ ನಾನು ಹೋಗ್ತೀನಿ, ಮಕ್ಕಳನ್ನ ಕರ್ಕೊಂಡು. ಕಾರು ಕೊಡದಿದ್ರೆ ಬಸ್ಸು. ಬಸ್ಸಿಲ್ಲದಿದ್ರೆ ಆ ಎಮ್ಮೆ.”

“ಕನಸು ಕಾಣ್ತಾ ಕಾರು ಓಡಿಸೋಳ ಕೈಗೆ ನಾನು ಕೀಲಿ ಕೊಡಲ್ಲ.”

“ನಾನು ಕೊಡ್ತೀನಿ,” ಎಂದಳು ಬಟ್ಟೆ ಮಡಿಸುತ್ತಿದ್ದ ಅಕ್ಕ. ಬಾಗಿಲ ಹಿಂದಿನ ಮೊಳೆಯಿಂದ ಕೀಲಿ ತೆಗೆದು ನನ್ನ ಕೈಗಿಟ್ಟಳು. “ಮೂರು ವರ್ಷ ಪಟ್ಟಿ ಓದಿದ್ದೀನಿ ಕಣ್ರೀ. ಸಾಕಾಯ್ತು.”

ಶನಿವಾರ ಬೆಳಿಗ್ಗೆ ಭಾವನೂ ಬಂದರು, ಸೀಟು ಕಾಯಲು. ಸ್ಟೀರಿಂಗ್ ಚಕ್ರ ನನ್ನ ಕೈಯಲ್ಲಿ, ಪಕ್ಕದಲ್ಲಿ ಅಕ್ಕ. ಹಿಂದೆ ನಡುವಿನ ಪುಟ್ಟ ಸೀಟಿನಲ್ಲಿ ಬುಗುರಿ, ಎದುರಿನ ದಾರಿ ಕಾಣಲೆಂದು. ಅವಳ ಒಂದು ಬದಿಗೆ ಲಾಯರಮ್ಮ, ಇನ್ನೊಂದು ಬದಿಗೆ ಭಾವ, ಮೊಬೈಲಿನಲ್ಲಿ ನಕ್ಷೆ ನೋಡುತ್ತ ನನ್ನ ವೇಗ ತಿದ್ದುತ್ತ.

ಮೊದಲ ಹದಿನೆಂಟು ಮುಗಿಯಿತು. ಇಳಿದು ಓಡಿದೆವು. ಎರಡನೆಯದೂ ಮುಗಿಯಿತು. ಬುಗುರಿಯ ಕೆನ್ನೆ ಚಳಿಗೆ ಕೆಂಪಾಗಿತ್ತು, ಬಾಯಲ್ಲಿ ಹಾಡಿತ್ತು. ಎರಡೂ ಸಲ ಭಾವ ಇಳಿಯಲಿಲ್ಲ. “ಇದು ಮಕ್ಕಳಾಟ,” ಎಂದು ನಕ್ಷೆಯಲ್ಲೇ ಮುಳುಗಿದ್ದರು.

ನಲವತ್ತನೆಯ ಕಿಲೋಮೀಟರಿನ ತಿರುವುಗಳಲ್ಲಿ ಹಿಂದಿನಿಂದ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದೆ. ಭಾವನ ಮುಖ ಹಸಿ ಸೋರೆಕಾಯಿಯ ಬಣ್ಣಕ್ಕೆ ತಿರುಗಿತ್ತು.

“ಸ್ವಲ್ಪ... ನಿಲ್ಸು...”

ನಿಲ್ಲಿಸುವಷ್ಟರಲ್ಲಿ ಜೇಬು ತನ್ನ ಕೆಲಸ ಮಾಡಿತ್ತು. ಹಾಲುಬಣ್ಣಕ್ಕೆ ಒಂದು ಹನಿಯೂ ತಾಕಲಿಲ್ಲ. ಮದುವೆಯಾದಾಗಿನಿಂದ ಭಾವ ಯಾವತ್ತೂ ಹಿಂದಿನ ಸೀಟಿನಲ್ಲಿ ಕೂತವರೇ ಅಲ್ಲ. ಚಕ್ರ ಯಾವಾಗಲೂ ಅವರ ಕೈಯಲ್ಲೇ.

“ಈಗ ಗೊತ್ತಾಯ್ತು, ಮಗಳು ಯಾರ ಹೊಟ್ಟೆ ತಂದಿದ್ದಾಳೆ ಅಂತ,” ಎಂದಳು ಅಕ್ಕ, ನೀರಿನ ಬಾಟಲಿ ಕೊಡುತ್ತ.

ಬುಗುರಿ ಅಪ್ಪನ ಬೆನ್ನು ಸವರಿದಳು. “ಫೋನ್ ನೋಡ್ಬಾರ್ದಪ್ಪ. ದೂರದ ಗುಡ್ಡ ನೋಡ್ಬೇಕು. ಇದೇನೂ ತಪ್ಪಲ್ಲ, ಅಳ್ಬೇಡ.”

ಭಾವ ರಸ್ತೆಬದಿಯ ಕಲ್ಲಿನ ಮೇಲೆ ಕೂತರು. “ವಾಪಸ್ ಹೋಗೋಣ. ನನ್ನ ಕೈಲಾಗಲ್ಲ.”

“ಆಗಲ್ಲ,” ಎಂದೆ.

“ಏನಾಗಲ್ಲ?”

“ವಾಪಸ್ ಹೋಗೋದು. ಹೊಟ್ಟೆ ಕೆಟ್ಟೋರಿಗೋಸ್ಕರ ಕಾರು ತಿರುಗಿಸೋ ಪದ್ಧತಿ ಇವತ್ತಿಂದ ಈ ಮನೇಲಿಲ್ಲ. ಹತ್ತು ನಿಮಿಷ ನಡೀರಿ, ಗಾಳಿ ಕುಡೀರಿ, ಹತ್ತಿ ಕೂತ್ಕೊಳ್ಳಿ. ಇಲ್ಲಿಂದ ಹನ್ನೆರಡು ಕಿಲೋಮೀಟರಿಗೊಂದ್ಸಲ ನಿಲ್ಲೋಣ.”

“ಆಕ್ಷೇಪಣೆ ಇದ್ರೆ ಈಗ್ಲೇ ಹೇಳಿ,” ಎಂದಳು ಲಾಯರಮ್ಮ.

ಭಾವ ಬುಗುರಿಯ ಮುಖ ನೋಡಿದರು. “ಅವತ್ತು ನಿನಗೂ ಹೀಗೇ ಆಗಿರುತ್ತೆ ಅಂತ...” ಎಂದು ಶುರುಮಾಡಿ ಮುಗಿಸದೆ ಎದ್ದು, ಅವಳ ಬೆರಳು ಹಿಡಿದು ರಸ್ತೆಯಂಚಿನಲ್ಲೇ ನಡೆಯತೊಡಗಿದರು.

ತಲುಪುವಷ್ಟರಲ್ಲಿ ಮಧ್ಯಾಹ್ನ ಮೂರು. ಕೆರೆಯ ನಡುವೆ ಕಪ್ಪು ನೀರು ಆಗಲೇ ಬಾಯ್ತೆರೆದಿತ್ತು. ದಡದ ಬಳಿ ಮಾತ್ರ ಬಿಳಿ ಮಂಜುಗಡ್ಡೆ ಅಗಲವಾಗಿ ಉಳಿದಿತ್ತು. ನಾವು ದಡದುದ್ದಕ್ಕೂ ಹಾಕಿದ್ದ ಬೇಲಿಯ ಈಚೆಗೇ ನಿಂತೆವು.

“ಬಿಸಿಲಿಗೆ ಮೆತ್ತಗಾಗಿದೆ. ಹಾಡಲ್ವೇನೋ,” ಎಂದರು ಭಾವ, ಬುಗುರಿಗೆ ನಿರಾಸೆಯಾಗದಿರಲೆಂದು ಮೆಲ್ಲಗೆ.

“ಸುಮ್ನಿರಪ್ಪ,” ಎಂದಳು ಅವಳು, ಕಲ್ಲು ಹೆಕ್ಕುತ್ತ.

ಮೊದಲ ಕಲ್ಲು ಬೇಲಿಗೇ ಬಡಿದು ಬಿತ್ತು. ಎರಡನೆಯದು ದಡದ ಕೆಸರಿಗೆ. ಬುಗುರಿ ಸ್ವೆಟರಿನ ತೋಳು ಮೇಲೇರಿಸಿ, ಚಪ್ಪಟೆ ಕಲ್ಲೊಂದನ್ನು ಆರಿಸಿಕೊಂಡು, ನಾಲಗೆ ಕಚ್ಚಿ, ಇಡೀ ಮೈ ತಿರುಗಿಸಿ ಬೀಸಿದಳು. ಕಲ್ಲು ಮಂಜುಗಡ್ಡೆಗೆ ತಾಗಿ ಪುಟಿಯಿತು, ಮತ್ತೆ ಪುಟಿಯಿತು, ಜಾರಿತು. ಬಿಗಿದ ತಂತಿಯನ್ನು ಯಾರೋ ಕೆರೆಯ ಕೆಳಗಿನಿಂದ ಮೀಟಿದಂತೆ ಸಣ್ಣ ದನಿಯೊಂದು ಎದ್ದು, ಆಚೆ ದಡದವರೆಗೂ ಹಾಡುತ್ತ ಹೋಯಿತು.